ಮೊದಲು ವಸ್ತು ನೋಡಿ, ಆಮೇಲೆ ಮುದ್ರೆ

ಜರ್ಮನ್ ಸೈನ್ಯದ ಹಳೆಯ ವಸ್ತುಗಳು ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಪದಕ, ಕಠಾರಿ, ಪಿಸ್ತೂಲು, ಹದ್ದಿನ ಲಾಂಛನ. ಇವತ್ತು ನಾನು ಅವುಗಳ ತಂಟೆಗೆ ಹೋಗುವುದಿಲ್ಲ. ನನ್ನ ಆಸಕ್ತಿ ಇರುವುದು ಸಾಮಾನ್ಯ ಕಾಲಾಳು ಸೊಂಟಕ್ಕೂ ಬೆನ್ನಿಗೂ ಕಟ್ಟಿಕೊಂಡು ನಡೆದ ಸರಂಜಾಮಿನಲ್ಲಿ: ನೀರಿನ ಬಾಟಲಿ, ಊಟದ ಡಬ್ಬಿ, ಬ್ರೆಡ್ ಚೀಲ, ತೋಟಾ ಚೀಲ, ಸಲಿಕೆ, ಡೇರೆ ಬಟ್ಟೆ. ಪದಕದ ಮಾರುಕಟ್ಟೆಯಲ್ಲಿ ಹಣವಂತರ ಪೈಪೋಟಿ ಇದೆ, ಅದಕ್ಕೆ ತಕ್ಕಂತೆ ನಕಲಿಯೂ ಇದೆ. ಊಟದ ಡಬ್ಬಿಯನ್ನು ನಕಲು ಮಾಡಿ ಯಾರೂ ಶ್ರೀಮಂತರಾಗುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಎರಡನೆಯ ಮಹಾಯುದ್ಧದ ಜರ್ಮನ್ ಸರಂಜಾಮಿನ ಬಗ್ಗೆ ಮೊದಲು ತಿಳಿಯಬೇಕಾದದ್ದು ಇಷ್ಟು. ಬಾಟಲಿ, ಊಟದ ಡಬ್ಬಿ, ಬ್ರೆಡ್ ಚೀಲ, ಡೇರೆ ಬಟ್ಟೆ, ಈ ನಾಲ್ಕೂ 1931ರ ಮಾದರಿಗಳು. ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲೇ ಇವುಗಳ ಆಕಾರ ನಿಗದಿಯಾಗಿತ್ತು. 1945ರವರೆಗೆ ನೂರಾರು ಕಾರ್ಖಾನೆಗಳು ಇವನ್ನು ತಯಾರಿಸಿದವು. ಆ ಅವಧಿಯಲ್ಲಿ ಆಕಾರ ಬದಲಾದದ್ದು ಕಡಿಮೆ, ಬದಲಾದದ್ದು ಕಚ್ಚಾವಸ್ತು. ಅಲ್ಯೂಮಿನಿಯಂ ಎಲ್ಲ ವಿಮಾನಗಳ ಪಾಲಾಯಿತು. ಚರ್ಮ ಸಾಲದಾಯಿತು. ಸಮುದ್ರ ದಿಗ್ಬಂಧನದಿಂದ ಹತ್ತಿ ಬರುವುದು ನಿಂತಿತು. ಅಲ್ಯೂಮಿನಿಯಂ ಇದ್ದಲ್ಲಿಗೆ ಉಕ್ಕು ಬಂತು, ಚರ್ಮ ಇದ್ದಲ್ಲಿಗೆ ಕಾಗದದ ತಿರುಳನ್ನು ರಾಳದೊಂದಿಗೆ ಒತ್ತಿ ಮಾಡಿದ ‘ಪ್ರೆಸ್‌ಷ್ಟೋಫ್’ ಬಂತು, ಹತ್ತಿಯ ಜೊತೆಗೆ ಮರದ ತಿರುಳಿನ ರೇಯಾನ್ ನೂಲು ಬೆರೆಯಿತು. ಯಾವ ಕೊರತೆ ಯಾವಾಗ ಶುರುವಾಯಿತು ಎಂಬುದು ಗೊತ್ತಿದ್ದರೆ, ಮುದ್ರೆಯನ್ನು, ಅಂದರೆ ಅದರ ಮೇಲೆ ಒತ್ತಿದ ತಯಾರಕರ ಗುರುತು, ಇಸವಿಯನ್ನು ಓದುವ ಮೊದಲೇ ಒಂದು ವಸ್ತುವಿನ ಕಾಲವನ್ನು ನೀವು ಸರಿಸುಮಾರು ಹೇಳಬಹುದು. ಆದರೆ ಬಹುತೇಕ ಸಂಗ್ರಹಕಾರರು ಮಾಡುವುದು ಇದಕ್ಕೆ ತದ್ವಿರುದ್ಧ. ಕೈಗೆ ಸಿಕ್ಕ ತಕ್ಷಣ ತಿರುಗಿಸಿ ಮುದ್ರೆ ಹುಡುಕುತ್ತಾರೆ. ಒಂದು ಉಳಿ, ಒಂದು ಸುತ್ತಿಗೆ ಇದ್ದರೆ ಮುದ್ರೆ ಒತ್ತಬಹುದು. ಎಂಬತ್ತು ವರ್ಷ ಚರ್ಮದ ಪಟ್ಟಿಯ ಕೆಳಗೆ ಕುಳಿತ ಉಣ್ಣೆಯನ್ನು ಮಾತ್ರ ಯಾರೂ ಒಂದು ರಾತ್ರಿಯಲ್ಲಿ ತಯಾರಿಸಲಾರರು.

ಮೇಜಿನ ಮೇಲಿರುವ ಈ ನೀರಿನ ಬಾಟಲಿಯನ್ನೇ ತೆಗೆದುಕೊಳ್ಳೋಣ. ಜರ್ಮನ್ನರು ಇದನ್ನು ‘ಫೆಲ್ಡ್‌ಫ್ಲಾಷೆ 31’ ಎನ್ನುತ್ತಾರೆ. ಹಿಡಿಯುವುದು 0.8 ಲೀಟರ್. ವೈದ್ಯಕೀಯ ಸಹಾಯಕರಿಗೆ ಒಂದು ಲೀಟರಿನ ದೊಡ್ಡ ಬಾಟಲಿ ಇತ್ತು. ಒಳಗಿರುವುದು ಅಲ್ಯೂಮಿನಿಯಂ ಬಾಟಲಿ, ಅದರ ಮೇಲೆ ಕಂದು ಬಣ್ಣದ ಒತ್ತಿದ ಉಣ್ಣೆಯ, ಅಂದರೆ ಫೆಲ್ಟ್‌ನ ಅಂಗಿ, ಬದಿಯಲ್ಲಿ ಟಿಚ್ ಬಟನ್‌ಗಳು, ಸುತ್ತ ಚರ್ಮದ ಪಟ್ಟಿ, ತಲೆಯ ಮೇಲೆ ಬೋರಲು ಹಾಕಿದ ಲೋಟ. ಉಣ್ಣೆಯನ್ನು ಒದ್ದೆ ಮಾಡಿದರೆ ಒಳಗಿನ ನೀರು ತಂಪಾಗುತ್ತದೆ, ಚಳಿಯಲ್ಲಿ ಅದೇ ಉಣ್ಣೆ ನೀರು ಬೇಗ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ.

ಈಗ ಲೋಟವನ್ನು ನೋಡಿ. ಇದು ಅಲ್ಯೂಮಿನಿಯಂ, ಹೊರಗೆ ಕಪ್ಪು ಬಣ್ಣ. ಅಂದರೆ ಆರಂಭದ ಕಾಲದ್ದು. ಯುದ್ಧ ಮುಂದುವರಿದಂತೆ ಕಪ್ಪಿನ ಬದಲು ಕಡು ಹಸಿರು ಬಂತು, ಆಮೇಲೆ ಉಕ್ಕಿನ ಲೋಟ ಬಂತು, ಅದರ ಜೊತೆಗೇ ಬೇಕಲೈಟಿನ ದುಂಡು ಲೋಟವೂ ಬಂತು. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳನ್ನು ನೋಡಿ ಬೆಳೆದವರಿಗೆ ಬೇಕಲೈಟ್ ಪರಿಚಯಿಸಬೇಕಾಗಿಲ್ಲ. ಬಾಟಲಿಯದ್ದೂ ಇದೇ ಕಥೆ. ಕೊನೆಯ ವರ್ಷಗಳ ಬಾಟಲಿಗಳು ಎನಾಮೆಲ್ ಬಳಿದ ಉಕ್ಕಿನವು, ಕೈಯಲ್ಲಿ ಹಿಡಿದರೆ ತೂಕವೇ ಹೇಳುತ್ತದೆ. ನಂಬಿಕೆ ಬರದಿದ್ದರೆ ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಸಂತೆಯಲ್ಲಿ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿರುವ ಉಪಕರಣ ಅದೇ.

ಈ ಪಟ್ಟಿಯನ್ನು ಬಿಚ್ಚುತ್ತೇನೆ, ಮುಂದಿನ ಸಾಲಿನವರಿಗೆ ಕಾಣಬಹುದು. ಪಟ್ಟಿಯ ಕೆಳಗಿನ ಉಣ್ಣೆ ಗಾಢ ಕಂದು, ಅದರ ಎರಡೂ ಬದಿ ಮಾಸಿದ ಬೂದುಗಂದು. ಪಟ್ಟಿ ಕುಳಿತ ಜಾಗ ಸ್ವಲ್ಪ ತಗ್ಗಾಗಿದೆ, ಅದರ ಅಂಚು ಗೆರೆ ಎಳೆದಂತೆ ನೇರ. ಬಕಲ್ಲಿನ ಮುಳ್ಳು ಒತ್ತಿದ ಗುರುತು ಕೂಡ ಇಲ್ಲಿದೆ. ಪಟ್ಟಿಯಲ್ಲಿ ನಾಲ್ಕು ತೂತುಗಳಿದ್ದರೂ ಎರಡನೆಯದು ಮಾತ್ರ ಎಳೆದು ಉದ್ದವಾಗಿದೆ, ಉಣ್ಣೆಯ ಮೇಲಿನ ಬಕಲ್ಲಿನ ಗುರುತು ಆ ತೂತಿಗೆ ಸರಿಯಾಗಿ ಹೊಂದುತ್ತದೆ. ಈ ಪಟ್ಟಿ ಈ ಬಾಟಲಿಯದ್ದೇ ಎಂದು ನಾನು ಧೈರ್ಯವಾಗಿ ಹೇಳುವುದು ಇದರ ಆಧಾರದ ಮೇಲೆ. ರಿವೆಟ್ಟಿನ ಸುತ್ತ ಹಸಿರು ಮೇಣದಂಥ ಕಿಲುಬು ಕಾಣುತ್ತದೆಯಲ್ಲ? ಹಿತ್ತಾಳೆಯೂ ಚರ್ಮದ ಜಿಡ್ಡೂ ದಶಕಗಳ ಕಾಲ ಒಂದಕ್ಕೊಂದು ತಾಗಿದಾಗ ಹುಟ್ಟುವಂಥದ್ದು ಅದು. ಟಿಚ್ ಬಟನ್ ಮೇಲೆ ‘ಪ್ರಿಮ್’ ಎಂಬ ಅಕ್ಷರಗಳಿವೆ. ಆಖನ್ ಬಳಿಯ ಷ್ಟೋಲ್‌ಬೆರ್ಗ್ ಊರಿನ ಬಹಳ ಹಳೆಯ ಕಂಪನಿ, ಇಂದಿಗೂ ಹೊಲಿಗೆ ಸಾಮಾನು ಮಾಡುತ್ತಿದೆ. ಹಾಗಾಗಿ ಆ ಹೆಸರೊಂದರಿಂದಲೇ ಕಾಲ ನಿರ್ಧಾರವಾಗದು.

ಇಷ್ಟೆಲ್ಲ ನೋಡಿದ ಮೇಲೆ ಮುದ್ರೆಗೆ ಬನ್ನಿ. ಬಾಟಲಿಯ ಕತ್ತಿನ ಬಳಿ ತಯಾರಕರ ಗುರುತು ಮತ್ತು ಇಸವಿಯ ಕೊನೆಯ ಎರಡು ಅಂಕೆಗಳಿರುತ್ತವೆ. ಲೋಟಕ್ಕೆ ಬೇರೆ ಮುದ್ರೆ, ಬೇರೆ ಇಸವಿ ಇರಬಹುದು. ಎರಡೂ ಹೊಂದಲೇಬೇಕು ಎಂದು ಕೆಲವರು ಹಟ ಹಿಡಿಯುತ್ತಾರೆ. ಸೈನಿಕ ಲೋಟ ಕಳೆದುಕೊಂಡರೆ ಉಗ್ರಾಣದಲ್ಲಿ ಬೇರೊಂದು ಕೊಡುತ್ತಿದ್ದರು, ಅದರ ಇಸವಿಯನ್ನು ನೋಡುವ ಪುರುಸೊತ್ತು ಯಾರಿಗಿತ್ತು? ಎಲ್ಲ ಭಾಗಗಳೂ ಒಂದೇ ಇಸವಿಯವು, ಎಲ್ಲವೂ ಹೊಳೆಯುತ್ತಿವೆ ಎಂದರೆ ನನಗೆ ಖುಷಿಗಿಂತ ಅನುಮಾನವೇ ಹೆಚ್ಚು.

ಇದೇ ಬಾಟಲಿಯ ಇನ್ನೊಂದು ರೂಪವಿದೆ, ನಮ್ಮ ಕರಾವಳಿಯವರು ಕೇಳಿದರೆ ನಗಬಹುದು. ಉತ್ತರ ಆಫ್ರಿಕಾದಂಥ ಬಿಸಿ ಪ್ರದೇಶಗಳಿಗೆಂದು ಉಣ್ಣೆಯ ಬದಲು ಕಂದು ಬಣ್ಣದ ಗಟ್ಟಿ ಕವಚ ಹಾಕಿದ ಬಾಟಲಿಗಳನ್ನು ಮಾಡಿದರು. ಸಂಗ್ರಹಕಾರರ ಬಾಯಲ್ಲಿ ಅದು ‘ತೆಂಗಿನಕಾಯಿ ಬಾಟಲಿ’. ಮಾರುವವರು ನಿಜವಾದ ಕರಟ ಎಂದೇ ಹೇಳುತ್ತಾರೆ. ಅದು ಕರಟವಲ್ಲ, ರಾಳದಲ್ಲಿ ನೆನೆಸಿ ಒತ್ತಿದ ಮರ. ಅಂಚಿನಲ್ಲಿ ಸವೆದ ಕಡೆ ನೋಡಿದರೆ ಮರದ ಎಳೆಗಳು ಬಿಟ್ಟುಕೊಂಡಿರುವುದು ಕಾಣುತ್ತದೆ. ಕರಟವನ್ನು ಹೆರೆದು ಬಲ್ಲವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಊಟದ ಡಬ್ಬಿಗೆ ಬರೋಣ. ‘ಕೋಖ್‌ಗೆಶಿರ್ 31’. ಮೂತ್ರಪಿಂಡದ ಆಕಾರ, ಏಕೆಂದರೆ ಒಳಬಾಗಿದ ಬದಿ ಮೈಗೆ ಅಂಟಿ ಕೂರುತ್ತದೆ. ಕೆಳಗಿನ ಪಾತ್ರೆ 1.7 ಲೀಟರ್, ಮುಚ್ಚಳವೇ ಅರ್ಧ ಲೀಟರಿನ ಬಾಣಲೆ. ಅಡುಗೆಯವನು ಅಳತೆ ಮಾಡಿ ಬಡಿಸಲೆಂದು ಪಾತ್ರೆಯ ಗೋಡೆಯಲ್ಲೇ ಗೆರೆಗಳನ್ನು ಒತ್ತಿದ್ದಾರೆ. ಅಲ್ಯೂಮಿನಿಯಂ ಡಬ್ಬಿ ಮೊದಲು, 1943ರ ಹೊತ್ತಿಗೆ ಎನಾಮೆಲ್ ಉಕ್ಕು. ಮುಚ್ಚಳದ ಹಿಡಿಯ ಮೇಲೆ ತಯಾರಕ ಮತ್ತು ಇಸವಿ. ಆದರೆ ಸೈನಿಕನೊಬ್ಬ ಮೊಳೆಯಿಂದ ಗೀರಿದ ಹೆಸರು ಸಿಕ್ಕರೆ ನನಗೆ ಅದು ಯಾವ ಕಾರ್ಖಾನೆಯ ಮುದ್ರೆಗಿಂತಲೂ ದೊಡ್ಡದು. ಗೀರಿದ ಜಾಗದ ಒಳಗೂ ಹೊರಗೂ ಒಂದೇ ರೀತಿ ಕಪ್ಪಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಒಳಗೆ ಬೆಳ್ಳಗೆ ಮಿನುಗಿದರೆ ಯಾರೋ ಇತ್ತೀಚೆಗೆ ಗೀರಿದ್ದಾರೆ.

ಈ ಆಕಾರ ಯುದ್ಧದ ನಂತರವೂ ಸಾಯಲಿಲ್ಲ ಎಂಬುದೇ ತೊಡಕು. ಪಶ್ಚಿಮ ಜರ್ಮನಿಯ ಬುಂಡೆಸ್‌ವೇರ್, ಪೂರ್ವ ಜರ್ಮನಿಯ ಜನ ಸೇನೆ, ಆಸ್ಟ್ರಿಯಾ, ಹೀಗೆ ಹಲವು ಸೈನ್ಯಗಳು ಇದೇ ಬಗೆಯ ಡಬ್ಬಿ ಬಳಸಿದವು. ಬುಂಡೆಸ್‌ವೇರ್ ಡಬ್ಬಿಯಲ್ಲಿ ಪಾತ್ರೆ, ಮುಚ್ಚಳಗಳ ನಡುವೆ ಇನ್ನೊಂದು ಒಳತಟ್ಟೆ ಇರುತ್ತದೆ, ಅಂದರೆ ಮೂರು ಭಾಗ. ಅದನ್ನು ಹಿಡಿದು ಎರಡನೆಯ ಮಹಾಯುದ್ಧದ ಜರ್ಮನ್ ಸೇನಾಪತಿ ‘ರೊಮ್ಮೆಲ್ ಕಾಲದ್ದು’ ಎನ್ನುವ ಮಾರಾಟಗಾರನಿಗೆ ನಮಸ್ಕಾರ ಹಾಕಿ ಮುಂದೆ ನಡೆಯಿರಿ. ಪೂರ್ವ ಜರ್ಮನಿಯ ಸೇನೆ 1956ರಲ್ಲಿ ಹುಟ್ಟಿ 1990ರಲ್ಲಿ ಮುಗಿಯಿತು. ಜರ್ಮನಿ ಒಂದಾದ ಮೇಲೆ ಅದರ ಉಗ್ರಾಣಗಳ ಸಾಮಾನು ಜಗತ್ತಿನ ಗುಜರಿ ಮಾರುಕಟ್ಟೆಗಳಿಗೆಲ್ಲ ಹರಿಯಿತು. ಬರ್ಲಿನ್ನಿನ ಮೌವರ್‌ಪಾರ್ಕ್‌ನಲ್ಲಿ ಭಾನುವಾರದ ಸಂತೆ ನಡೆಯುತ್ತದೆ, ಅಲ್ಲಿ ಒಂದು ಸುತ್ತು ಹಾಕಿದರೂ ಇಂಥವು ಕಣ್ಣಿಗೆ ಬೀಳುತ್ತವೆ. ಶುರುಮಾಡುವವರಿಗೆ ನಾನು ಹೇಳುವುದೇ ಇದನ್ನು: ಮೊದಲು ಪೂರ್ವ ಜರ್ಮನಿಯ ಒಂದು ಬಾಟಲಿ, ಒಂದು ಡಬ್ಬಿ ಕೊಳ್ಳಿ. ಅಗ್ಗ, ಅಸಲಿ, ನಕಲು ಮಾಡುವ ಗೋಜಿಗೆ ಯಾರೂ ಹೋಗಿಲ್ಲ. ಕೈಗೆ ಅದು ರೂಢಿಯಾದರೆ ಹಳೆಯದರ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಮುದ್ರೆಗಳ ವಿಷಯವನ್ನು ಪೂರ್ತಿ ಬಿಟ್ಟುಬಿಡಲಾಗದು. ಯುದ್ಧದ ಆರಂಭದವರೆಗೂ ತಯಾರಕರು ತಮ್ಮ ಹೆಸರು, ಊರು ಎರಡನ್ನೂ ಹಾಕುತ್ತಿದ್ದರು. ಯಾವ ಊರಲ್ಲಿ ಯಾವ ಕಾರ್ಖಾನೆ ಇದೆ ಎಂದು ಶತ್ರುವಿಗೆ ತಿಳಿಯಬಾರದೆಂದು ಆಮೇಲೆ ಅಕ್ಷರಗಳ ಸಂಕೇತ ಬಂತು. ಓಬರ್ನ್‌ಡೋರ್ಫ್‌ನ ಮೌಸರ್ ಬಂದೂಕು ಕಾರ್ಖಾನೆಗೆ ‘ಬಿ ವೈ ಎಫ್’, ಮಸೂರ ತಯಾರಕರಾದ ಯೇನಾದ ಕಾರ್ಲ್ ಝೈಸ್‌ಗೆ ‘ಬಿ ಎಲ್ ಸಿ’, ವೆಟ್ಸ್‌ಲಾರಿನ ಲೈಟ್ಸ್‌ಗೆ ‘ಬಿ ಇ ಎಚ್’. ಸೇನೆಯ ದುರ್ಬೀನುಗಳ ಮೇಲೆ ಇಂಥ ಅಕ್ಷರಗಳು ಕಾಣಸಿಗುತ್ತವೆ. ಬಟ್ಟೆ, ಚರ್ಮದ ಸಾಮಾನಿಗೆ 1942-43ರಿಂದ ‘ಆರ್‌ಬಿ ನಂಬರ್’ ಎಂಬ ಉದ್ದನೆಯ ಅಂಕೆ ಶುರುವಾಯಿತು, ಅದು ಕಾರ್ಖಾನೆಯ ನೋಂದಣಿ ಸಂಖ್ಯೆ. ಹಾಗಾದರೆ ಪೂರ್ತಿ ಹೆಸರು, ಊರು ಇದ್ದು, ಇಸವಿ 1944 ಎಂದಿದ್ದರೆ? ತಕ್ಷಣ ಬಿಸಾಡಬೇಡಿ, ಆದರೆ ಹಣ ಕೊಡುವ ಮೊದಲು ಇನ್ನೊಮ್ಮೆ ಹತ್ತಿರದಿಂದ ನೋಡಿ.

ತೋಟಾ ಚೀಲಗಳಲ್ಲಿ ಮೊದಲ ಮಹಾಯುದ್ಧದ್ದನ್ನೂ ಎರಡನೆಯದನ್ನೂ ಬೇರ್ಪಡಿಸುವುದು ಸುಲಭ. 1909ರ ಮಾದರಿಯ ಒಂದೊಂದು ಖಾನೆಯಲ್ಲಿ 20 ಗುಂಡು, ಎರಡು ಚೀಲಗಳ ಆರು ಖಾನೆ ಸೇರಿ 120. ದೊಡ್ಡ ಚೀಲ, ಹೆಚ್ಚಾಗಿ ಚರ್ಮದ ಸಹಜ ಕಂದು ಬಣ್ಣ. ಎರಡನೆಯ ಯುದ್ಧದ್ದು ಚಿಕ್ಕದು, ಕಪ್ಪು, ಮೇಲ್ಮೈ ತರಿತರಿ, ಖಾನೆಗೆ 10ರಂತೆ ಒಟ್ಟು 60. ಹಿಂಬದಿಯ ಹೊಲಿಗೆ ನೋಡಿ, ರಿವೆಟ್ ಇದೆಯೇ ನೋಡಿ, ಒಳಗೆ ಬೆರಳು ಹಾಕಿ ಅಡ್ಡಗೋಡೆ ಮುಟ್ಟಿ. ಸೊಂಟಪಟ್ಟಿಯ ಬಕಲ್ ಕೂಡ ಮೊದಲು ಅಲ್ಯೂಮಿನಿಯಂ, ಆಮೇಲೆ ಉಕ್ಕು. ಅಸಲಿ ಬಕಲ್ ಅಚ್ಚಿನಲ್ಲಿ ಒತ್ತಿದ್ದು, ಆದ್ದರಿಂದ ಮುಂದಿನ ಉಬ್ಬು ಹಿಂದೆ ತಗ್ಗಾಗಿ ಕಾಣಬೇಕು. ಅಗ್ಗದ ನಕಲಿ ಎರಕದ್ದು, ಹಿಂಬದಿ ಗುಳಿಗುಳಿಯಾಗಿರುತ್ತದೆ.

ಶಿರಸ್ತ್ರಾಣದ ಬಗ್ಗೆ ಕೇಳಬೇಕೆಂದು ಬಹಳ ಜನ ಕಾದಿದ್ದೀರಿ, ಗೊತ್ತು. ಚುಟುಕಾಗಿ: 1935ರದ್ದರಲ್ಲಿ ಗಾಳಿತೂತಿಗೆ ಪ್ರತ್ಯೇಕ ಬಳೆ ಕೂರಿಸಿದ್ದಾರೆ. 1940ರದ್ದರಲ್ಲಿ ಅದೇ ತಗಡನ್ನು ಒತ್ತಿ ತೂತಿನ ಅಂಚು ಮಾಡಿದ್ದಾರೆ. 1942ರದ್ದರಲ್ಲಿ ಕೆಳಗಿನ ಅಂಚನ್ನು ಒಳಗೆ ಮಡಿಸುವ ಕೆಲಸವನ್ನೇ ಕೈಬಿಟ್ಟರು, ಅಂಚು ಹಾಗೇ ಹೊರಚಾಚಿರುತ್ತದೆ. ಮೂರೇ ಹೆಜ್ಜೆಯಲ್ಲಿ ಕೆಲಸ ಹೇಗೆ ಕಡಿತವಾಯಿತು ನೋಡಿ. ಇನ್ನು ಬದಿಯ ಲಾಂಛನದ ಚಿತ್ರಗಳಿಗಾಗಿ ಸಾವಿರಾರು ರೂಪಾಯಿ ಹೆಚ್ಚು ಕೊಡುವವರಿಗೆ ನನ್ನ ಸಹಾನುಭೂತಿ ಇದೆ, ಸಲಹೆ ಇಲ್ಲ. ಅಸಲಿ ಶಿರಸ್ತ್ರಾಣಕ್ಕೆ ನಕಲಿ ಚಿತ್ರ ಅಂಟಿಸುವುದು ಈ ಲೋಕದ ಅತಿ ಹಳೆಯ ಮೋಸ. ಯುದ್ಧದ ನಂತರ ನಾರ್ವೆಯಂಥ ದೇಶಗಳು ಇವೇ ಶಿರಸ್ತ್ರಾಣಗಳಿಗೆ ಹೊಸ ಬಣ್ಣ ಬಳಿದು ತಮ್ಮ ಸೈನಿಕರಿಗೆ ಕೊಟ್ಟವು. ಅಂಥ ಒಂದು ಸಿಕ್ಕರೆ ಬಣ್ಣ ಕೆರೆಯಬೇಡಿ. ಅದೂ ಅದರ ಚರಿತ್ರೆಯೇ.

ನನಗೆ ಇಷ್ಟದ ವಸ್ತು ಡೇರೆ ಬಟ್ಟೆ, ‘ತ್ಸೆಲ್ಟ್‌ಬಾನ್ 31’. ತ್ರಿಕೋನ, ಎರಡು ಬದಿ ಸುಮಾರು ಎರಡೆರಡು ಮೀಟರ್, ಮೂರನೆಯದು ಸ್ವಲ್ಪ ಹೆಚ್ಚು. ಒಬ್ಬನಿಗೆ ಒಂದು. ಮಳೆ ಬಂದರೆ ಹೊದೆಯುವುದು, ನಾಲ್ವರು ತಮ್ಮ ತಮ್ಮ ಬಟ್ಟೆಗಳನ್ನು ಗುಂಡಿ ಹಾಕಿ ಸೇರಿಸಿದರೆ ಗೋಪುರದಂಥ ಡೇರೆ. ಇದರ ಮೇಲಿನ ಮುದ್ರಣವೇ ಪ್ರಸಿದ್ಧ ‘ಸ್ಪ್ಲಿಟರ್’ ನಮೂನೆ: ಒಡೆದ ಗಾಜಿನ ಚೂರುಗಳಂಥ ಚೂಪು ಮೂಲೆಯ ಹಸಿರು, ಕಂದು ತುಂಡುಗಳು, ಅವುಗಳ ಮೇಲೆ ಮಳೆಹನಿಯಂಥ ಸಣ್ಣ ಗೆರೆಗಳು. ಎರಡು ಬದಿಗೂ ಮುದ್ರಣ, ಒಂದು ಕಡೆ ಗಾಢ, ಇನ್ನೊಂದು ಕಡೆ ತಿಳಿ. ಪೂರ್ವ ಜರ್ಮನಿಯವರು ಚೂರುಗಳನ್ನು ಬಿಟ್ಟು ಬರೀ ಗೆರೆಗಳ ನಮೂನೆ ಮಾಡಿಕೊಂಡರು. ಒಂದಾದ ಜರ್ಮನಿಯ ಸೇನೆ ಬಳಸಿದ್ದು ಐದು ಬಣ್ಣದ ಚುಕ್ಕೆಚುಕ್ಕೆ. ಇಷ್ಟು ತಿಳಿದಿದ್ದರೆ ಅರ್ಧ ಸಂತೆಯ ಸುಳ್ಳುಗಳು ಅಲ್ಲೇ ಬಿದ್ದುಹೋಗುತ್ತವೆ.

ಬಟ್ಟೆಗೆ ಒಂದು ಪರೀಕ್ಷೆ ಇದೆ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಸಾಕು. ಯುದ್ಧದ ನಂತರ ಬಿಳುಪು ಹೆಚ್ಚಿಸುವ ರಾಸಾಯನಿಕಗಳು ನೂಲಿಗೂ ಸಾಬೂನಿಗೂ ಬಂದವು, ಅವು ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಹೊಲಿಗೆಯ ನೂಲು ಮಾತ್ರ ಹೊಳೆದರೆ ರಿಪೇರಿ ಆಗಿದೆ ಎಂದು ತಿಳಿಯಿರಿ. ಆದರೆ ಯಾರದೋ ಅಜ್ಜಿ ಅಸಲಿ ಚೀಲವನ್ನು ಹೊಸ ಡಿಟರ್ಜೆಂಟಿನಲ್ಲಿ ಒಗೆದಿದ್ದರೆ ಇಡೀ ಚೀಲ ಹೊಳೆಯುತ್ತದೆ. ಹೊಳೆಯದಂತೆ ಮಾಡಿದ ನಕಲಿಯೂ ಉಂಟು. ಒಂದೇ ಪರೀಕ್ಷೆಯಿಂದ ತೀರ್ಪು ಕೊಡಬೇಡಿ.

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಜರ್ಮನ್ ಸರಂಜಾಮಿನಲ್ಲಿ ನಿಮ್ಮೆಲ್ಲರ ಕಣ್ಣಿಗೂ ಬಿದ್ದಿರುವ ಒಂದು ವಸ್ತು ಇದೆ: ಜೀಪಿನ ಹಿಂದೆ ತೂಗುವ 20 ಲೀಟರಿನ ಜೆರ್ರಿಕ್ಯಾನ್. 1937ರ ಸುಮಾರಿಗೆ ಜರ್ಮನಿಯಲ್ಲಿ ರೂಪುಗೊಂಡದ್ದು. ಬ್ರಿಟಿಷ್ ಸೈನಿಕರು ಜರ್ಮನ್ನರನ್ನು ‘ಜೆರ್ರಿ’ ಎನ್ನುತ್ತಿದ್ದರು, ಉತ್ತರ ಆಫ್ರಿಕಾದಲ್ಲಿ ತಮ್ಮ ಸೋರುವ ತಗಡಿನ ಡಬ್ಬಗಳನ್ನು ಬಿಸಾಡಿ ಶತ್ರುವಿನದ್ದನ್ನು ಎತ್ತಿಕೊಂಡರು. ಮೂರು ಹಿಡಿಗಳ ಜಾಣತನ ನೋಡಿ. ತುಂಬಿದ ಕ್ಯಾನನ್ನು ಒಬ್ಬ ನಡುವಿನ ಹಿಡಿಯಿಂದ ಎತ್ತುತ್ತಾನೆ, ಇಬ್ಬರಾದರೆ ಆಚೆಯವನು ಒಂದು, ಈಚೆಯವನು ಒಂದು ಹಿಡಿಯುತ್ತಾರೆ. ಖಾಲಿ ಕ್ಯಾನುಗಳಾದರೆ ಅಕ್ಕಪಕ್ಕದ ಹಿಡಿಗಳನ್ನು ಸೇರಿಸಿ ಒಂದೇ ಕೈಯಲ್ಲಿ ಎರಡು. ಯುದ್ಧಕಾಲದ ಜರ್ಮನ್ ಕ್ಯಾನ್‌ಗಳ ಮೇಲೆ ಇಸವಿ, ತಯಾರಕರ ಹೆಸರು ಒತ್ತಿರುತ್ತವೆ, ನೀರಿನದ್ದಕ್ಕೆ ಬಿಳಿ ಶಿಲುಬೆಯ ಗುರುತು. ಚಾರಣಿಗರ ಚೀಲದಲ್ಲಿರುವ, ಘನ ಇಂಧನದ ಬಿಲ್ಲೆ ಉರಿಸುವ ಪುಟ್ಟ ಎಸ್ಬಿಟ್ ಒಲೆ ಕೂಡ 1936ರಲ್ಲಿ ಎರಿಕ್ ಶುಮ್ ಎಂಬವರು ರೂಪಿಸಿದ್ದು, ಸೈನಿಕರ ಜೇಬಿನಲ್ಲಿ ಊರೂರು ಸುತ್ತಿದ್ದು. ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ನಮ್ಮ ದೇಶದ ನಂಟಿನ ಬಗ್ಗೆ ಒಂದೆರಡು ಮಾತು. ಸುಭಾಷ್‌ಚಂದ್ರ ಬೋಸರು ಜರ್ಮನಿಯಲ್ಲಿದ್ದಾಗ ಕಟ್ಟಿದ ಭಾರತೀಯ ದಳದವರು, ಅವರಲ್ಲಿ ಬಹಳ ಮಂದಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕವರು, ಜರ್ಮನ್ ಸಮವಸ್ತ್ರವನ್ನೇ ತೊಟ್ಟಿದ್ದರು. ತೋಳಿನ ಮೇಲೆ ತ್ರಿವರ್ಣದ ಗುರಾಣಿ, ನಡುವೆ ಜಿಗಿಯುವ ಹುಲಿ, ಮೇಲೆ ‘ಫ್ರೈಯೆಸ್ ಇಂಡಿಯೆನ್’, ಅಂದರೆ ಸ್ವತಂತ್ರ ಭಾರತ. ಭಾರತೀಯ ಸಂಗ್ರಹಕಾರರಿಗೆ ಇದರ ಮೇಲೆ ಸಹಜವಾಗಿಯೇ ಮೋಹ, ಅದನ್ನು ಬಲ್ಲವರು ನಕಲಿ ಗುರಾಣಿಗಳನ್ನು ಧಾರಾಳವಾಗಿ ಹೊಲಿದಿಟ್ಟಿದ್ದಾರೆ. ಇನ್ನೊಂದು ನಂಟು ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನದ್ದು, ಮೊದಲ ಮಹಾಯುದ್ಧದ ಕಾಲದ್ದು. 1918ರ ಸೆಪ್ಟೆಂಬರ್ 23ರಂದು ಅವರು ಜೋಧಪುರದವರ ಜೊತೆ, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದರು. ಆ ರಂಗದ ಒಟ್ಟೊಮನ್ ಸೇನೆಯ ದಂಡನಾಯಕ ಲಿಮಾನ್ ಫಾನ್ ಸಾಂಡರ್ಸ್ ಜರ್ಮನ್, ಜರ್ಮನ್ ತುಕಡಿಗಳೂ ಅಲ್ಲಿದ್ದವು. ಆದ್ದರಿಂದ ಇಲ್ಲಿನ ಹಳೆಯ ಮನೆಯೊಂದರ ಅಟ್ಟದಲ್ಲಿ ಆ ಕಾಲದ ಜರ್ಮನ್ ವಸ್ತು ಇರುವುದು ಅಸಂಭವವಲ್ಲ. ಸಿಕ್ಕರೆ ವಸ್ತುವಿನಷ್ಟೇ ಜೋಪಾನವಾಗಿ ಮನೆಯವರ ಮಾತನ್ನೂ ಬರೆದಿಟ್ಟುಕೊಳ್ಳಿ. ಫೋಟೋ, ಪತ್ರ, ಪಿಂಚಣಿ ಕಾಗದ ಯಾವುದಿದ್ದರೂ ಕೇಳಿ.

ಒಂದು ವಸ್ತುವನ್ನು ಮಾತ್ರ ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ: ಗುರುತಿನ ಬಿಲ್ಲೆ. ಅಂಡಾಕಾರದ ತಗಡು, ನಡುವೆ ಸೀಳುಗಳು, ಎರಡೂ ಅರ್ಧಗಳಲ್ಲಿ ಒಂದೇ ಬರಹ: ತುಕಡಿ, ಸಂಖ್ಯೆ, ರಕ್ತದ ಗುಂಪು. ಸೈನಿಕ ಸತ್ತರೆ ಒಂದು ಅರ್ಧವನ್ನು ಮುರಿದು ಕಚೇರಿಗೆ ಕಳುಹಿಸುತ್ತಿದ್ದರು, ಇನ್ನೊಂದು ಹೆಣದ ಜೊತೆ ಉಳಿಯುತ್ತಿತ್ತು. ಪೂರ್ವ ಯುರೋಪಿನ ಕಾಡುಗಳಲ್ಲಿ ಇಂದಿಗೂ ಅಸ್ಥಿಗಳು ಸಿಗುತ್ತಿವೆ. 1919ರಲ್ಲಿ ಸ್ಥಾಪನೆಯಾದ, ಜರ್ಮನ್ ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಫೋಕ್ಸ್‌ಬುಂಡ್ ಸಂಸ್ಥೆ ಅವನ್ನು ಹೊರತೆಗೆದು ಗುರುತಿಸಿ ಮತ್ತೆ ಮಣ್ಣು ಮಾಡುತ್ತದೆ. ಆ ಗುರುತಿಗೆ ಬಹಳ ಸಲ ಇರುವ ಏಕೈಕ ಆಧಾರ ಬಿಲ್ಲೆ. ಲೋಹಶೋಧಕ ಹಿಡಿದು ರಾತ್ರಿ ಅಗೆಯುವವನು ಅದನ್ನು ಕಿತ್ತು ಮಾರಿದರೆ ಆ ಮನುಷ್ಯ ಶಾಶ್ವತವಾಗಿ ಅನಾಮಧೇಯ. ಮುರಿಯದ ಪೂರ್ತಿ ಬಿಲ್ಲೆ, ಮಣ್ಣಿನ ಕಲೆ, ಮೂಲದ ಬಗ್ಗೆ ಮೌನ, ಈ ಮೂರೂ ಸೇರಿದರೆ ಅರ್ಥ ಮಾಡಿಕೊಳ್ಳಿ.

ಜರ್ಮನಿಗೆ ಹೋಗಿ ಕೊಳ್ಳುವವರು ಅಲ್ಲಿನ ದಂಡಸಂಹಿತೆಯ 86ಎ ಕಲಮನ್ನು ನೆನಪಿಡಿ. ನಾಜಿ ಲಾಂಛನವನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಸಂಶೋಧನೆ, ಶಿಕ್ಷಣ, ಕಲೆಗೆ ವಿನಾಯಿತಿ ಇದೆ. ಸಂತೆಯಲ್ಲಿ ಮಾರುವವರು ಅದರ ಮೇಲೆ ಚೀಟಿ ಅಂಟಿಸಿರುತ್ತಾರೆ, ಕುತೂಹಲಕ್ಕೆ ಕೀಳಬೇಡಿ. ಸಮಯವಿದ್ದರೆ ಡ್ರೆಸ್ಡೆನ್ನಿನ ಸೇನಾ ಇತಿಹಾಸ ಸಂಗ್ರಹಾಲಯಕ್ಕೆ ಹೋಗಿ. 2011ರಲ್ಲಿ ಮತ್ತೆ ತೆರೆದದ್ದು, ಹಳೆಯ ಕಟ್ಟಡವನ್ನು ಸೀಳಿದಂತೆ ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್ ಹೊಸ ಭಾಗ ಕಟ್ಟಿದ್ದಾರೆ. ಕೊಳ್ಳುವ ಮೊದಲು ಅಸಲಿಯನ್ನು ಗಾಜಿನಾಚೆಯಿಂದಲಾದರೂ ಕಂಡಿರಬೇಕು.

ಕೊನೆಗೆ, ನಮ್ಮ ಹವೆ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ ಎಂದು ಎಣ್ಣೆ, ಬೂಟ್ ಪಾಲಿಶ್ ಹಚ್ಚುತ್ತಾರೆ. ಹಚ್ಚಬೇಡಿ, ಅದು ಹೊಲಿಗೆಯನ್ನು ಕೊಳೆಸುತ್ತದೆ, ಮುದ್ರೆಯನ್ನು ಮುಚ್ಚುತ್ತದೆ. ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ಇಡಿ, ಮಂಗಳೂರಿನ ಕಡೆಯವರು ತೇವ ಹೀರುವ ಸಿಲಿಕಾ ಚೀಲಗಳನ್ನು ಆಗಾಗ ಬದಲಿಸಿ. ಹಸಿರು ಕಿಲುಬನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ಹುಣಸೆಹಣ್ಣು ತರಬೇಡಿ. ಉಣ್ಣೆಗೆ ನುಸಿ ಬಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ, ಸಂಗ್ರಹಾಲಯಗಳೂ ಹೀಗೆಯೇ ಮಾಡುತ್ತವೆ. ಮನೆಯವರಿಗೆ ಮೊದಲೇ ತಿಳಿಸಿ. ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸದೆ ಸಡಿಲ ಬಿಡಿ, ಪಟ್ಟಿಯನ್ನು ಹಳೆಯ ತೂತಿನಲ್ಲಿ ಎಳೆದು ಕಟ್ಟಬೇಡಿ. ಈಗ ಬೇಕಾದವರು ಮುಂದೆ ಬಂದು ಇವನ್ನು ಕೈಯಲ್ಲಿ ಹಿಡಿದು ನೋಡಬಹುದು, ಅಯಸ್ಕಾಂತ ಇಲ್ಲೇ ಇದೆ.